ಕಾಣದ ಕಪ್ಪುಕುಳಿಯ ದ್ರವ್ಯರಾಶಿಯನ್ನು ಜೊತೆಗಾರ ನಕ್ಷತ್ರದ ಬೆಳಕಿನಿಂದ ಅಳೆಯುವುದು ಹೇಗೆ?

ಪ್ರಶ್ನೆ: ನಾನು ಬಿ.ಎಸ್‌ಸಿ. ಎರಡನೆಯ ವರ್ಷದಲ್ಲಿ ಭೌತಶಾಸ್ತ್ರ ಓದುತ್ತಿದ್ದೇನೆ. ಸಿಗ್ನಸ್ ಎಕ್ಸ್-1 ಎಂಬ ಕಪ್ಪುಕುಳಿಯ ದ್ರವ್ಯರಾಶಿ ಸೂರ್ಯನ ಸುಮಾರು 15 ಪಟ್ಟು ಎಂದು ಪುಸ್ತಕವೊಂದರಲ್ಲಿ ಓದಿದ್ದೆ. ಈಚಿನ ಲೇಖನವೊಂದರಲ್ಲಿ ಅದು 21 ಪಟ್ಟು ಎಂದಿದೆ. ಬೆಳಕನ್ನೇ ಹೊರಸೂಸದ ವಸ್ತುವಿನ ದ್ರವ್ಯರಾಶಿಯನ್ನು ಅದರ ಜೊತೆಗಿರುವ ನಕ್ಷತ್ರದ ಬೆಳಕಿನಿಂದ ಹೇಗೆ ಕಂಡುಹಿಡಿಯುತ್ತಾರೆ? ಸಂಖ್ಯೆ ಹೀಗೆ ಬದಲಾಗುವುದಾದರೆ ಅದನ್ನು ಅಳತೆ ಎನ್ನಬೇಕೋ, ಊಹೆ ಎನ್ನಬೇಕೋ? ಈ ಲೆಕ್ಕವನ್ನು ನನ್ನಂಥ ವಿದ್ಯಾರ್ಥಿ ಸ್ವತಃ ಮಾಡಿ ನೋಡಬಹುದೇ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಚಿಕ್ಕದಾಗಿ ಉತ್ತರಿಸಿ ಮುಂದೆ ಹೋಗುತ್ತೇನೆ. ಪತ್ರಿಕೆಗಳಲ್ಲಿ ನೀವು ಓದುವ ‘ಇಷ್ಟು ಸೂರ್ಯರ ದ್ರವ್ಯರಾಶಿ’ ಎಂಬ ಸಂಖ್ಯೆಯೊಳಗೆ ಎರಡು ಪದರಗಳಿರುತ್ತವೆ. ಒಳಗಿನ ಪದರವು ನೇರ ಅಳತೆ. ಅದು ವರ್ಷಗಳು ಕಳೆದರೂ ಹೆಚ್ಚು ಅಲುಗಾಡುವುದಿಲ್ಲ. ಹೊರಗಿನ ಪದರವು ಕಾಣುವ ನಕ್ಷತ್ರದ ಬಗ್ಗೆ ನಮಗಿರುವ ತಿಳಿವಳಿಕೆಯಿಂದ ಕಟ್ಟಿದ್ದು. ಆ ತಿಳಿವಳಿಕೆ ಬದಲಾದಾಗಲೆಲ್ಲ ಸಂಖ್ಯೆಯೂ ಬದಲಾಗುತ್ತದೆ. 15 ಇದ್ದದ್ದು 21 ಆದದ್ದು ಹೊರಗಿನ ಪದರದಲ್ಲಿ ಆದ ಬದಲಾವಣೆ. ಈ ಎರಡನ್ನು ಬೇರ್ಪಡಿಸಿ ನೋಡುವ ಅಭ್ಯಾಸ ಒಮ್ಮೆ ಬಂದರೆ, ಕಪ್ಪುಕುಳಿಗಳ ಬಗ್ಗೆ ಬರುವ ಯಾವ ಸುದ್ದಿಯನ್ನು ಎಷ್ಟು ನಂಬಬೇಕೆಂಬುದು ನಿಮಗೇ ತಿಳಿಯತೊಡಗುತ್ತದೆ.

ಕಾಣದ ವಸ್ತುವನ್ನು ಅದರ ಸುತ್ತ ಸುತ್ತುವ ಕಾಣುವ ವಸ್ತುವಿನಿಂದ ಅರಿಯಬಹುದೆಂಬ ವಿಚಾರ ಹೊಸದಲ್ಲ. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಪಾದ್ರಿಯಾಗಿದ್ದ ಜಾನ್ ಮಿಷೆಲ್ 1783ರಲ್ಲಿಯೇ, ತನ್ನ ಬೆಳಕು ತನ್ನಿಂದಲೇ ತಪ್ಪಿಸಿಕೊಳ್ಳಲಾಗದಷ್ಟು ಭಾರವಾದ ನಕ್ಷತ್ರಗಳಿರಬಹುದೆಂದೂ, ಅಂಥವುಗಳ ಸುತ್ತ ಹೊಳೆಯುವ ಕಾಯವೊಂದು ಸುತ್ತುತ್ತಿದ್ದರೆ ಅದರ ಚಲನೆಯಿಂದ ನಡುವಿನ ಕಾಣದ ಕಾಯದ ಇರುವಿಕೆಯನ್ನು ತಿಳಿಯಬಹುದೆಂದೂ ಬರೆದಿದ್ದರು. ಅವರ ಭೌತಶಾಸ್ತ್ರ ನ್ಯೂಟನ್ನನ ಕಾಲದ್ದು. ಬೆಳಕಿನ ಬಗ್ಗೆ ಅವರ ಕಲ್ಪನೆ ಇಂದು ನಿಲ್ಲುವುದಿಲ್ಲ. ಆದರೆ ಅವರು ಸೂಚಿಸಿದ ಉಪಾಯವೇ ಇಂದಿಗೂ ನಮ್ಮ ಉಪಾಯ. ಅದನ್ನು ಕೈಗೂಡಿಸಲು ಬೇಕಾಗಿದ್ದ, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕ ಬರಲು ಇನ್ನೂ ಹಲವು ದಶಕಗಳು ಬೇಕಾದವು.

ಈಗ ನಿಜವಾದ ಒಂದು ಉದಾಹರಣೆಯನ್ನು ಹಿಡಿದು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ರಾಜಹಂಸ ನಕ್ಷತ್ರಪುಂಜದಲ್ಲಿ ವಿ404 ಸಿಗ್ನಿ ಎಂಬ ಜೋಡಿಯಿದೆ. ಅದು 1938ರಲ್ಲಿ ಒಮ್ಮೆ ಹಠಾತ್ತನೆ ಬೆಳಗಿದಾಗ ಅದನ್ನು ಸಾಧಾರಣ ನೋವಾ ಎಂದು ದಾಖಲಿಸಲಾಗಿತ್ತು. 1989ರ ಮೇ ತಿಂಗಳಿನಲ್ಲಿ ಜಪಾನಿನ ಗಿಂಗಾ ಉಪಗ್ರಹವು ಅದೇ ಜಾಗದಿಂದ ಹೊಮ್ಮಿದ ಪ್ರಬಲ ಕ್ಷ-ಕಿರಣಗಳನ್ನು ಗುರುತಿಸಿತು. ಇಂಥ ಸ್ಫೋಟದ ದಿನಗಳಲ್ಲಿ ಕಪ್ಪುಕುಳಿಯ ಸುತ್ತ ಸುತ್ತುತ್ತ ಒಳಗೆ ಬೀಳುತ್ತಿರುವ ಅನಿಲದ ತಟ್ಟೆ ಎಷ್ಟು ಪ್ರಕಾಶಮಾನವಾಗಿರುತ್ತದೆಂದರೆ, ಜೊತೆಗಾರ ನಕ್ಷತ್ರ ಅದರ ಬೆಳಕಿನಲ್ಲಿ ಮುಳುಗಿಹೋಗುತ್ತದೆ. ಆದ್ದರಿಂದ ಖಗೋಳಜ್ಞರು ಕಾಯುತ್ತಾರೆ. ಸ್ಫೋಟ ಅಡಗಿ, ತಟ್ಟೆ ಮಂಕಾದ ಮೇಲೆ, ಮೊದಲಿನಿಂದಲೂ ಅಲ್ಲಿದ್ದ ಸಾಮಾನ್ಯ ನಕ್ಷತ್ರದ ಬೆಳಕು ಬೇರೆಯಾಗಿ ಕಾಣತೊಡಗುತ್ತದೆ. ವಿ404 ಸಿಗ್ನಿ ಶಾಂತವಾಗಿರುವಾಗ ಅದರ ಕಾಂತಿಮಾನ (ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಸುಕು) 18ರ ಆಚೆಗಿನದು. ಬರಿಗಣ್ಣಿಗೆ ಕಾಣುವ ಅತ್ಯಂತ ಮಸುಕಾದ ನಕ್ಷತ್ರಕ್ಕಿಂತ ಒಂದು ಲಕ್ಷದ ಹತ್ತಿರ ಪಟ್ಟು ಮಸುಕು. ಅದನ್ನು ರೋಹಿತವಾಗಿ ಬಿಡಿಸಿ ನೋಡಲು ಕೇನರಿ ದ್ವೀಪಗಳ ಲಾ ಪಾಲ್ಮಾದಲ್ಲಿರುವ 4.2 ಮೀಟರ್ ವ್ಯಾಸದ ವಿಲಿಯಂ ಹರ್ಷೆಲ್ ದೂರದರ್ಶಕ ಬೇಕಾಯಿತು.

ರೋಹಿತದಲ್ಲಿ ಕಾಣುವುದು ನಕ್ಷತ್ರದ ವಾತಾವರಣದಲ್ಲಿರುವ ಧಾತುಗಳು ಹೀರಿಕೊಂಡ ಬಣ್ಣಗಳ ಜಾಗದಲ್ಲಿ ಉಳಿದಿರುವ ಕಪ್ಪು ರೇಖೆಗಳು. ಪ್ರಯೋಗಾಲಯದಲ್ಲಿ ಈ ರೇಖೆಗಳ ತರಂಗಾಂತರ ನಮಗೆ ಕರಾರುವಾಕ್ಕಾಗಿ ಗೊತ್ತು. ನಕ್ಷತ್ರ ನಮ್ಮತ್ತ ಬರುತ್ತಿರುವಾಗ ಇವು ನೀಲಿಯ ಕಡೆಗೂ, ದೂರ ಸರಿಯುತ್ತಿರುವಾಗ ಕೆಂಪಿನ ಕಡೆಗೂ ಜರುಗುತ್ತವೆ. ಇದೇ ಡಾಪ್ಲರ್ ಪರಿಣಾಮ. ಜರುಗುವ ಪ್ರಮಾಣ ತೀರ ಕಡಿಮೆ: ಸೆಕೆಂಡಿಗೆ 200 ಕಿಲೋಮೀಟರ್ ವೇಗವಿದ್ದರೂ ಕೆಂಪು ಬಣ್ಣದ ಭಾಗದಲ್ಲಿರುವ ರೇಖೆಯೊಂದು ಅರ್ಧ ನ್ಯಾನೋಮೀಟರಿನಷ್ಟೂ ಸರಿಯುವುದಿಲ್ಲ. ಒಂದೇ ರೇಖೆಯನ್ನು ನೆಚ್ಚಿಕೊಂಡರೆ ಗದ್ದಲದಲ್ಲಿ ದಾರಿ ತಪ್ಪಬಹುದು. ಹಾಗಾಗಿ ಅದೇ ಜಾತಿಯ, ವೇಗ ಮೊದಲೇ ಗೊತ್ತಿರುವ ಇನ್ನೊಂದು ನಕ್ಷತ್ರದ ಇಡೀ ರೋಹಿತವನ್ನು ಇದರ ಮೇಲೆ ಜಾರಿಸುತ್ತ, ಎಲ್ಲಿ ಅತ್ಯಂತ ಚೆನ್ನಾಗಿ ಹೊಂದುತ್ತದೆಂದು ನೋಡಿ, ನೂರಾರು ರೇಖೆಗಳಿಂದ ಒಂದೇ ವೇಗವನ್ನು ಪಡೆಯುತ್ತಾರೆ. ಅದರಿಂದ ಭೂಮಿಯ ಸ್ವಂತ ಚಲನೆಯ ಪಾಲನ್ನೂ ಕಳೆಯಬೇಕು. ಸೂರ್ಯನ ಸುತ್ತ ನಾವೇ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವುದನ್ನು ಮರೆಯುವಂತಿಲ್ಲ.

ಹೀಗೆ ರಾತ್ರಿಯ ಮೇಲೆ ರಾತ್ರಿ ಪಡೆದ ವೇಗಗಳನ್ನು ಕಾಲದ ಎದುರು ಗುರುತಿಸುತ್ತ ಹೋದಾಗ ಒಂದು ಅಲೆ ಮೂಡುತ್ತದೆ. 1992ರಲ್ಲಿ ಹೋರ್ಹೆ ಕಸಾರೆಸ್, ಫಿಲ್ ಚಾರ್ಲ್ಸ್ ಮತ್ತು ಟಿಮ್ ನೇಲರ್ ಪ್ರಕಟಿಸಿದ ಆ ಅಲೆ ಎರಡು ಸಂಖ್ಯೆಗಳನ್ನು ಕೊಟ್ಟಿತು. ಮೊದಲನೆಯದು ಅವಧಿ: ನಕ್ಷತ್ರ ಒಂದು ಸುತ್ತು ಮುಗಿಸಲು ತೆಗೆದುಕೊಳ್ಳುವ 6.47 ದಿನ. ಎರಡನೆಯದು ಅಲೆಯ ಎತ್ತರ, ಅಂದರೆ ನಮ್ಮ ನೋಟದ ದಿಕ್ಕಿನಲ್ಲಿ ನಕ್ಷತ್ರದ ಗರಿಷ್ಠ ವೇಗ. ಅದು ಸೆಕೆಂಡಿಗೆ 210 ಕಿಲೋಮೀಟರಿನ ಆಸುಪಾಸಿನಲ್ಲಿತ್ತು, ನಂತರದ ಅಳತೆಗಳಲ್ಲಿ 208.5ಕ್ಕೆ ನೆಲೆಗೊಂಡಿತು. ಇಷ್ಟೇ ಬೇಕಾಗಿದ್ದದ್ದು. ಕೆಪ್ಲರನ ಮೂರನೆಯ ನಿಯಮವನ್ನು ನ್ಯೂಟನ್ನನ ರೂಪದಲ್ಲಿ ಬರೆದರೆ, ವೇಗದ ಘನವನ್ನು ಅವಧಿಯಿಂದ ಗುಣಿಸಿ, ಎರಡು ಪೈ ಮತ್ತು ಗುರುತ್ವ ಸ್ಥಿರಾಂಕದ ಗುಣಲಬ್ಧದಿಂದ ಭಾಗಿಸಿದಾಗ ದ್ರವ್ಯರಾಶಿಯ ಅಳತೆಯೊಂದು ದೊರೆಯುತ್ತದೆ. ಇದನ್ನು ದ್ರವ್ಯರಾಶಿ ಫಲನ ಎನ್ನುತ್ತಾರೆ. ಕಕ್ಷೆ ವೃತ್ತಾಕಾರವಾಗಿದ್ದು, ವೇಗವನ್ನು ಸೆಕೆಂಡಿಗೆ ಕಿಲೋಮೀಟರುಗಳಲ್ಲಿ, ಅವಧಿಯನ್ನು ದಿನಗಳಲ್ಲಿ ಇಟ್ಟುಕೊಂಡರೆ, ವೇಗದ ಘನವನ್ನು ಅವಧಿಯಿಂದ ಗುಣಿಸಿ 96.5 ಲಕ್ಷದಿಂದ ಭಾಗಿಸಿದರೆ ಸಾಕು. ಉತ್ತರ ಸೂರ್ಯನ ದ್ರವ್ಯರಾಶಿಯನ್ನು ಒಂದು ಎಂದಿಟ್ಟ ಅಳತೆಯಲ್ಲಿ, ಅಂದರೆ ಸೌರರಾಶಿಯಲ್ಲಿ ಬರುತ್ತದೆ. 208.5ರ ಘನ ಸುಮಾರು 90.6 ಲಕ್ಷ. ಅದನ್ನು 6.47ರಿಂದ ಗುಣಿಸಿದರೆ 586 ಲಕ್ಷ. 96.5 ಲಕ್ಷದಿಂದ ಭಾಗಿಸಿದರೆ 6.08.

ಈ 6.08 ಎಂಬುದು ಕಪ್ಪುಕುಳಿಯ ದ್ರವ್ಯರಾಶಿಯಲ್ಲ. ಅದಕ್ಕಿಂತ ಬೆಲೆಯುಳ್ಳದ್ದು ಎಂದೇ ನಾನು ಹೇಳುತ್ತೇನೆ. ಅದು ಕನಿಷ್ಠ ಮಿತಿ. ಜೊತೆಗಾರ ನಕ್ಷತ್ರಕ್ಕೆ ದ್ರವ್ಯರಾಶಿಯೇ ಇಲ್ಲವೆಂದು ಭಾವಿಸಿ, ಕಕ್ಷೆಯನ್ನು ನಾವು ಸರಿಯಾಗಿ ಅಂಚಿನಿಂದಲೇ ನೋಡುತ್ತಿದ್ದೇವೆಂದೂ ಭಾವಿಸಿದರೆ, ಆಗ ಕಾಣದ ವಸ್ತು 6.08 ಸೌರರಾಶಿಯದ್ದಾಗುತ್ತದೆ. ನಿಜದಲ್ಲಿ ನಕ್ಷತ್ರಕ್ಕೆ ದ್ರವ್ಯರಾಶಿಯಿರುತ್ತದೆ, ಕಕ್ಷೆಯೂ ಸಾಮಾನ್ಯವಾಗಿ ಓರೆಯಾಗಿರುತ್ತದೆ. ಈ ಎರಡು ಅಂಶಗಳಲ್ಲಿ ಯಾವುದನ್ನು ಸೇರಿಸಿದರೂ ಉತ್ತರ ಮೇಲಕ್ಕೇ ಹೋಗುತ್ತದೆ, ಕೆಳಕ್ಕೆ ಬರಲಾರದು. ಇದಕ್ಕೆ ನಕ್ಷತ್ರದ ದೂರ ಗೊತ್ತಿರಬೇಕಿಲ್ಲ, ಅದರ ಗಾತ್ರ, ತಾಪ, ವಯಸ್ಸು ಯಾವುದೂ ಬೇಕಿಲ್ಲ. ಒಂದು ಗಡಿಯಾರ ಮತ್ತು ಒಂದು ರೋಹಿತದರ್ಶಕದಿಂದ ಬಂದ ಉತ್ತರವಿದು.

ಆ ಮಿತಿಗೆ ಇಷ್ಟು ಮಹತ್ವ ಬಂದದ್ದು ಮತ್ತೊಂದು ಮಿತಿಯಿಂದಾಗಿ. ಇಂಧನ ಮುಗಿದ ನಕ್ಷತ್ರ ಶ್ವೇತಕುಬ್ಜವಾಗಿ ನಿಲ್ಲಬೇಕಾದರೆ ಅದರ ದ್ರವ್ಯರಾಶಿ ಸುಮಾರು 1.4 ಸೌರರಾಶಿಯನ್ನು ಮೀರುವಂತಿಲ್ಲವೆಂದು ಸುಬ್ರಹ್ಮಣ್ಯನ್ ಚಂದ್ರಶೇಖರ್ ತೋರಿಸಿದ್ದು ನಿಮಗೆ ಗೊತ್ತಿರುತ್ತದೆ. ಅದಕ್ಕಿಂತಲೂ ದಟ್ಟವಾಗಿ ಕುಸಿದ ನ್ಯೂಟ್ರಾನ್ ನಕ್ಷತ್ರಕ್ಕೂ ಹಾಗೆಯೇ ಒಂದು ಗಡಿಯಿದೆ. ಅಷ್ಟು ಒತ್ತಡದಲ್ಲಿ ವಸ್ತು ಹೇಗೆ ವರ್ತಿಸುತ್ತದೆಂಬುದು ಪೂರ್ತಿ ಇತ್ಯರ್ಥವಾಗದಿದ್ದರೂ, ಆ ಗಡಿ 3 ಸೌರರಾಶಿಗಿಂತ ಹೆಚ್ಚಿರಲಾರದೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಚಿಕ್ಕದಾಗಿ, ಕತ್ತಲಾಗಿ ಇರುವ ವಸ್ತುವೊಂದರ ಕನಿಷ್ಠ ಮಿತಿಯೇ 3ನ್ನು ದಾಟಿದರೆ, ಅದಕ್ಕೆ ಕಪ್ಪುಕುಳಿಯಲ್ಲದೆ ಬೇರೆ ಹೆಸರು ಉಳಿಯುವುದಿಲ್ಲ. 1975ರ ಆಗಸ್ಟಿನಲ್ಲಿ ಏರಿಯಲ್-5 ಉಪಗ್ರಹಕ್ಕೆ ಕಂಡ, ಏಕಶೃಂಗಿ ಪುಂಜದ ಎ0620-00 ಎಂಬ ಜೋಡಿಯಲ್ಲಿ ಈ ಪರೀಕ್ಷೆ ಮೊದಲ ಬಾರಿಗೆ ಗೆರೆಯ ಮೇಲೆಯೇ ಬಂದು ನಿಂತಿತು: ಜೆಫ್ರಿ ಮೆಕ್ಲಿಂಟಾಕ್ ಮತ್ತು ರೊನಾಲ್ಡ್ ರೆಮಿಲಾರ್ಡ್ 1986ರಲ್ಲಿ ಅದರ ಅವಧಿ 7.75 ಗಂಟೆ, ವೇಗ ಸೆಕೆಂಡಿಗೆ 457 ಕಿಲೋಮೀಟರ್ ಎಂದು ಅಳೆದಾಗ ಕನಿಷ್ಠ ಮಿತಿ 3.2ರ ಸಮೀಪ ಬಂದಿತ್ತು. ಆರು ವರ್ಷಗಳ ನಂತರ ವಿ404 ಸಿಗ್ನಿ ಆರನ್ನು ದಾಟಿದಾಗ ವಾದಕ್ಕೆ ಜಾಗವೇ ಉಳಿಯಲಿಲ್ಲ.

ಕನಿಷ್ಠ ಮಿತಿಯಿಂದ ನಿಜವಾದ ದ್ರವ್ಯರಾಶಿಗೆ ಹೋಗಲು ಇನ್ನೆರಡು ಸಂಗತಿಗಳು ಬೇಕು: ಎರಡು ಕಾಯಗಳ ದ್ರವ್ಯರಾಶಿಗಳ ಅನುಪಾತ, ಮತ್ತು ಕಕ್ಷೆ ನಮ್ಮ ನೋಟಕ್ಕೆ ಎಷ್ಟು ಬಾಗಿದೆಯೆಂಬ ಕೋನ. ಸಾಮಾನ್ಯ ಜೋಡಿ ನಕ್ಷತ್ರಗಳಲ್ಲಿ ಅನುಪಾತ ಸುಲಭ. ಕೈಕೈ ಹಿಡಿದು ಗಿರಗಿರನೆ ಸುತ್ತುವ ಇಬ್ಬರಲ್ಲಿ ಭಾರದವರು ಚಿಕ್ಕ ಸುತ್ತಿನಲ್ಲಿ ನಿಧಾನವಾಗಿಯೂ ಹಗುರಾದವರು ದೊಡ್ಡ ಸುತ್ತಿನಲ್ಲಿ ವೇಗವಾಗಿಯೂ ಓಡುವಂತೆ, ಎರಡೂ ನಕ್ಷತ್ರಗಳ ವೇಗಗಳ ಅನುಪಾತವನ್ನು ತಲೆಕೆಳಗು ಮಾಡಿದರೆ ದ್ರವ್ಯರಾಶಿಗಳ ಅನುಪಾತ ಸಿಗುತ್ತದೆ. ಕಪ್ಪುಕುಳಿಗೆ ರೋಹಿತ ರೇಖೆಗಳಿಲ್ಲ; ಈ ದಾರಿ ಮುಚ್ಚಿದೆ. ಬದಲಿಗೆ ಕಾಣುವ ನಕ್ಷತ್ರ ತನ್ನ ಅಕ್ಷದ ಮೇಲೆ ಎಷ್ಟು ವೇಗವಾಗಿ ತಿರುಗುತ್ತಿದೆಯೆಂದು ನೋಡುತ್ತಾರೆ. ಇಷ್ಟು ಹತ್ತಿರದ ಜೋಡಿಯಲ್ಲಿ ಉಬ್ಬರದ ಸೆಳೆತ ನಕ್ಷತ್ರವನ್ನು ಕಟ್ಟಿಹಾಕಿರುತ್ತದೆ. ನಮ್ಮ ಚಂದ್ರನಂತೆಯೇ ಅದು ಸುತ್ತಿ ಬರುವ ಹೊತ್ತಿಗೆ ಒಮ್ಮೆ ತಿರುಗುತ್ತದೆ. ಅಲ್ಲದೆ ಅದು ಅನಿಲವನ್ನು ಕಪ್ಪುಕುಳಿಗೆ ಸುರಿಯುತ್ತಿದೆಯೆಂದರೆ, ತನ್ನ ಗುರುತ್ವ ಹಿಡಿದಿಡಬಲ್ಲ ಗಡಿಯನ್ನು, ಅಂದರೆ ರೋಶ್ ಲೋಬನ್ನು, ಪೂರ್ತಿ ತುಂಬಿಕೊಂಡಿದೆ ಎಂದರ್ಥ. ಕಕ್ಷೆಗೆ ಹೋಲಿಸಿದಾಗ ಆ ಗಡಿಯ ಗಾತ್ರ ದ್ರವ್ಯರಾಶಿಗಳ ಅನುಪಾತವೊಂದನ್ನೇ ಅವಲಂಬಿಸಿದೆ. ಆದ್ದರಿಂದ ತಿರುಗುವಿಕೆಯಿಂದ ರೇಖೆಗಳು ಎಷ್ಟು ಅಗಲವಾಗಿವೆಯೆಂದು ಅಳೆದರೆ ಅನುಪಾತ ಹೊರಬರುತ್ತದೆ. ವಿ404 ಸಿಗ್ನಿಯಲ್ಲಿ ಈ ಅಗಲ, ವೇಗದ ಲೆಕ್ಕದಲ್ಲಿ, ಸೆಕೆಂಡಿಗೆ 39 ಕಿಲೋಮೀಟರ್. ಅದರಿಂದ ಸಿಗುವ ಅನುಪಾತ 0.06. ನಕ್ಷತ್ರ ಕಪ್ಪುಕುಳಿಯ ಹದಿನಾರನೆಯ ಒಂದು ಪಾಲಿನಷ್ಟು ಹಗುರ. ಇದು ನನಗೆ ಈ ವಿಧಾನದ ಅತ್ಯಂತ ಚೆಂದದ ಭಾಗವೆನಿಸುತ್ತದೆ, ಏಕೆಂದರೆ ಇಲ್ಲಿಯೂ ದೂರದ ಹಂಗಿಲ್ಲ.

ನಿಜವಾದ ತೊಡಕು ಕೋನದ್ದು. ಹತ್ತಿರದ ಕಪ್ಪುಕುಳಿ ನಕ್ಷತ್ರವನ್ನು ಎಳೆದು ಅದನ್ನು ಗೋಳವಾಗಿ ಉಳಿಯಗೊಡುವುದಿಲ್ಲ. ನಕ್ಷತ್ರ ಒಂದು ಕಡೆಗೆ ಚೂಪಾಗಿ ನೀಳವಾಗುತ್ತದೆ. ಸುತ್ತುವಾಗ ಅದರ ಅಗಲವಾದ ಪಕ್ಕ ಎರಡು ಬಾರಿ, ಕಿರಿದಾದ ತುದಿಗಳು ಎರಡು ಬಾರಿ ನಮ್ಮತ್ತ ಮುಖಮಾಡುತ್ತವೆ. ಹಾಗಾಗಿ ಪ್ರತಿ ಸುತ್ತಿನಲ್ಲಿ ಅದರ ಬೆಳಕು ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಕಕ್ಷೆಯನ್ನು ಅಂಚಿನಿಂದ ನೋಡುತ್ತಿದ್ದರೆ ಏರಿಳಿತ ಹೆಚ್ಚು. ಮೇಲಿನಿಂದ ನೋಡುತ್ತಿದ್ದರೆ ಏರಿಳಿತವೇ ಇಲ್ಲ. ಆದ್ದರಿಂದ ಏರಿಳಿತದ ಪ್ರಮಾಣದಿಂದ ಕೋನವನ್ನು ಲೆಕ್ಕಹಾಕಬಹುದು. ತತ್ತ್ವ ಸರಳ. ಆದರೆ ನಮ್ಮ ದೂರದರ್ಶಕಕ್ಕೆ ಬರುವ ಬೆಳಕಿನಲ್ಲಿ ನಕ್ಷತ್ರದ್ದು ಎಷ್ಟು, ಅನಿಲದ ತಟ್ಟೆಯದ್ದು ಎಷ್ಟು? ತಟ್ಟೆಯ ಬೆಳಕು ಈ ಲಯದಲ್ಲಿ ಏರಿಳಿಯುವುದಿಲ್ಲ. ಅದು ಸೇರಿಕೊಂಡಾಗ ಒಟ್ಟು ಬೆಳಕು ಹೆಚ್ಚಾಗಿ, ಏರಿಳಿತದ ಪಾಲು ಕಡಿಮೆಯಾಗಿ ಕಾಣುತ್ತದೆ. ಆಗ ಕಕ್ಷೆ ಇರುವುದಕ್ಕಿಂತ ಹೆಚ್ಚು ಓರೆಯಾಗಿದೆಯೆಂದು ನಾವು ತಿಳಿಯುತ್ತೇವೆ. ಸೂತ್ರದಲ್ಲಿ ಕೋನದ ಸೈನ್ ಬೆಲೆಯ ಘನದಿಂದ ಭಾಗಿಸಬೇಕಾಗಿರುವುದರಿಂದ, ಆ ಚಿಕ್ಕ ತಪ್ಪು ದ್ರವ್ಯರಾಶಿಯಲ್ಲಿ ದೊಡ್ಡದಾಗಿ ಹಿಗ್ಗುತ್ತದೆ.

ವಿ404 ಸಿಗ್ನಿಯ ಚರಿತ್ರೆಯಲ್ಲಿ ಇದು ಅಕ್ಷರಶಃ ನಡೆಯಿತು. 1994ರಲ್ಲಿ ಅತಿಗೆಂಪು ಬೆಳಕಿನ ಏರಿಳಿತದಿಂದ ಕೋನ 56 ಡಿಗ್ರಿ ಎಂದು ಬಂತು. ನೀವೇ ಲೆಕ್ಕ ಮಾಡಿ: ಒಂದಕ್ಕೆ ಅನುಪಾತ 0.06ನ್ನು ಸೇರಿಸಿದರೆ 1.06; 6.08ನ್ನು ಈ 1.06ರ ವರ್ಗದಿಂದ, ಅಂದರೆ 1.1236ರಿಂದ ಗುಣಿಸಿದರೆ 6.83. 56 ಡಿಗ್ರಿಯ ಸೈನ್ ಬೆಲೆಯ ಘನ 0.57. ಭಾಗಿಸಿದರೆ 12 ಸೌರರಾಶಿ. ಆಗ ಪ್ರಕಟವಾದ ಬೆಲೆಯೂ 12, ಎರಡರಷ್ಟು ಹೆಚ್ಚುಕಡಿಮೆಯೊಂದಿಗೆ. 2010ರಲ್ಲಿ ಅತಿಗೆಂಪು ರೋಹಿತವನ್ನು ವಿವರವಾಗಿ ಪರಿಶೀಲಿಸಿ, ತಟ್ಟೆಯ ಬೆಳಕಿನ ಪಾಲನ್ನು ಬೇರ್ಪಡಿಸಿದಾಗ ಕೋನ 67 ಡಿಗ್ರಿಯಾಯಿತು. ಈಗ ಸೈನ್ ಬೆಲೆಯ ಘನ 0.78, ದ್ರವ್ಯರಾಶಿ 8.8ರ ಹತ್ತಿರ. ಪ್ರಕಟವಾದ ಬೆಲೆ ಸುಮಾರು 9. ಹನ್ನೆರಡಿದ್ದದ್ದು ಒಂಬತ್ತಾಯಿತು, ಆದರೆ 6.08 ಇದ್ದಲ್ಲಿಯೇ ಇದೆ ಎಂಬುದನ್ನು ಗಮನಿಸಿ. ಎ0620-00ರಲ್ಲಿ ಈ ಗೊಂದಲ ಇನ್ನೂ ಹೆಚ್ಚಾಗಿತ್ತು. ಅಲ್ಲಿ ಬೇರೆ ಬೇರೆ ತಂಡಗಳು ಪಡೆದ ಕೋನಗಳು 40 ಡಿಗ್ರಿಯ ಆಸುಪಾಸಿನಿಂದ 70ನ್ನು ದಾಟುವವರೆಗೂ ಹರಡಿದ್ದವು. ತಟ್ಟೆ ನಿಜವಾಗಿಯೂ ಸುಮ್ಮನಿದ್ದ ಕಾಲದ ದಾಖಲೆಗಳನ್ನಷ್ಟೇ ಆರಿಸಿ ನೋಡಿದಾಗ 51 ಡಿಗ್ರಿ ಎಂದೂ, ದ್ರವ್ಯರಾಶಿ 6.6 ಎಂದೂ 2010ರಲ್ಲಿ ಕಂಡುಬಂತು.

ಅಪರೂಪಕ್ಕೆ ಪ್ರಕೃತಿಯೇ ಕೋನವನ್ನು ಹೇಳಿಬಿಡುತ್ತದೆ. ಎಂ33 ಗೆಲಾಕ್ಸಿಯ ಎಂ33 ಎಕ್ಸ್-7 ಎಂಬ ಜೋಡಿಯಲ್ಲಿ ನಕ್ಷತ್ರವು ಕಪ್ಪುಕುಳಿಯ ಸುತ್ತಲಿನ ಕ್ಷ-ಕಿರಣಗಳನ್ನು ಪ್ರತಿ 3.45 ದಿನಕ್ಕೊಮ್ಮೆ ಮರೆಮಾಡುತ್ತದೆ. ಗ್ರಹಣವಾಗುತ್ತಿದೆಯೆಂದರೆ ನಾವು ಅಂಚಿನ ಹತ್ತಿರದಿಂದ ನೋಡುತ್ತಿದ್ದೇವೆಂದೇ ಅರ್ಥ. ಅಲ್ಲಿ ದ್ರವ್ಯರಾಶಿ 15.65 ಎಂದು 2007ರಲ್ಲಿ ದೊರೆಯಿತು.

ಇನ್ನು ನೀವು ಕೇಳಿದ ಸಿಗ್ನಸ್ ಎಕ್ಸ್-1ಕ್ಕೆ ಬರುತ್ತೇನೆ. 1964ರಲ್ಲಿ ರಾಕೆಟ್ಟಿನಲ್ಲಿ ಹಾರಿಸಿದ ಉಪಕರಣಗಳಿಗೆ ಸಿಕ್ಕ ಈ ಕ್ಷ-ಕಿರಣ ಮೂಲವನ್ನು ಎಚ್‌ಡಿಇ 226868 ಎಂಬ ನೀಲಿ ಮಹಾದೈತ್ಯ ನಕ್ಷತ್ರದೊಂದಿಗೆ ಜೋಡಿಸಿ, ಅದರ 5.6 ದಿನಗಳ ಸುತ್ತನ್ನು ಕಂಡವರು ಗ್ರೀನಿಚ್ ವೀಕ್ಷಣಾಲಯದ ಲೂಯಿಸ್ ವೆಬ್‌ಸ್ಟರ್ ಮತ್ತು ಪಾಲ್ ಮರ್ಡಿನ್, ಹಾಗೂ ಅವರಿಂದ ಸ್ವತಂತ್ರವಾಗಿ ಟೊರಾಂಟೊದ ಥಾಮಸ್ ಬೋಲ್ಟನ್. ನಕ್ಷತ್ರದ ವೇಗ ಸೆಕೆಂಡಿಗೆ ಸುಮಾರು 75 ಕಿಲೋಮೀಟರ್. ಘನ 4.22 ಲಕ್ಷ, 5.6ರಿಂದ ಗುಣಿಸಿದರೆ 23.6 ಲಕ್ಷ, 96.5 ಲಕ್ಷದಿಂದ ಭಾಗಿಸಿದರೆ 0.245. ಕನಿಷ್ಠ ಮಿತಿ ಸೂರ್ಯನ ಕಾಲು ಭಾಗ ಮಾತ್ರ! ಇಲ್ಲಿ ಒಳಗಿನ ಪದರ ತೆಳ್ಳಗಿದೆ. ಹೊರಗಿನ ಪದರವೇ ಹೆಚ್ಚಿನ ಭಾರವನ್ನು ಹೊತ್ತಿದೆ. ಕಾಣುವ ನಕ್ಷತ್ರ ಕಪ್ಪುಕುಳಿಗಿಂತ ಭಾರವಾದುದರಿಂದ ಅದರ ದ್ರವ್ಯರಾಶಿಯನ್ನು ಸರಿಯಾಗಿ ತಿಳಿಯದೆ ಮುಂದೆ ಹೋಗುವಂತಿಲ್ಲ. ಅದು ರೋಶ್ ಲೋಬನ್ನು ಪೂರ್ತಿ ತುಂಬಿಲ್ಲವಾದ್ದರಿಂದ ಮೇಲೆ ಹೇಳಿದ ತಿರುಗುವಿಕೆಯ ಉಪಾಯವೂ ನೇರವಾಗಿ ಒದಗುವುದಿಲ್ಲ. ಆಗ ನಕ್ಷತ್ರದ ತ್ರಿಜ್ಯವನ್ನು ಬೇರೆ ದಾರಿಯಿಂದ ತರಬೇಕು: ತಾಪ ಮತ್ತು ನಮಗೆ ಕಾಣುವ ಹೊಳಪಿನಿಂದ ಆಕಾಶದಲ್ಲಿ ಅದರ ಕೋನೀಯ ಗಾತ್ರ, ಅದನ್ನು ದೂರದಿಂದ ಗುಣಿಸಿದಾಗ ನಿಜವಾದ ಗಾತ್ರ. ಹೀಗೆ ದೂರವು ಲೆಕ್ಕದೊಳಗೆ ಬಂತು.

2011ರಲ್ಲಿ ರೇಡಿಯೊ ದೂರದರ್ಶಕಗಳ ಜಾಲದಿಂದ ಅಳೆದ ಲಂಬನವು, ಅಂದರೆ ಭೂಮಿ ಸೂರ್ಯನನ್ನು ಸುತ್ತುವಾಗ ಮೂಲದ ಜಾಗ ಸರಿದಂತೆ ಕಾಣುವ ಪ್ರಮಾಣವು, ದೂರವನ್ನು ಸುಮಾರು 6,070 ಜ್ಯೋತಿರ್ವರ್ಷವೆಂದು ಕೊಟ್ಟಿತ್ತು. ಅದರಿಂದ ಬಂದದ್ದು 14.8 ಸೌರರಾಶಿ; ನಿಮ್ಮ ಪುಸ್ತಕದ 15 ಇದೇ. ಆದರೆ ಆ ನಕ್ಷತ್ರದಿಂದ ಬಲವಾದ ಅನಿಲದ ಗಾಳಿ ಬೀಸುತ್ತಿದೆ. ಕಪ್ಪುಕುಳಿಯ ಬಳಿಯಿಂದ ಚಿಮ್ಮುವ ರೇಡಿಯೊ ಧಾರೆಯ ಬುಡವನ್ನು ಅದು ಕಕ್ಷೆಯ ಒಂದೊಂದು ಘಟ್ಟದಲ್ಲಿ ಒಂದೊಂದು ಪ್ರಮಾಣದಲ್ಲಿ ಹೀರಿ ಮರೆಮಾಡುವುದರಿಂದ, ರೇಡಿಯೊ ಮೂಲ ಇರುವಂತೆ ತೋರುವ ಜಾಗವೇ ಸ್ವಲ್ಪ ಸರಿಯುತ್ತಿತ್ತು. ಜೇಮ್ಸ್ ಮಿಲ್ಲರ್-ಜೋನ್ಸ್ ಅವರ ತಂಡ ಆರು ದಿನಗಳ ಕಾಲ ಒಂದು ಪೂರ್ಣ ಸುತ್ತನ್ನು ಬೆನ್ನುಹತ್ತಿ ನೋಡಿ, ಈ ಸರಿದಾಟವನ್ನು ಗಣನೆಗೆ ತೆಗೆದುಕೊಂಡು, ಹಳೆಯ ದಾಖಲೆಗಳನ್ನೂ ಸೇರಿಸಿ ಮತ್ತೆ ಲೆಕ್ಕಹಾಕಿದಾಗ ದೂರ ಸುಮಾರು 7,200 ಜ್ಯೋತಿರ್ವರ್ಷಕ್ಕೆ ಏರಿತು. ನಕ್ಷತ್ರ ಹೆಚ್ಚು ದೂರದಲ್ಲಿದ್ದೂ ಅಷ್ಟೇ ಹೊಳೆಯುತ್ತಿದೆಯೆಂದರೆ ಅದು ನಿಜದಲ್ಲಿ ಹೆಚ್ಚು ದೊಡ್ಡದು, ಹೆಚ್ಚು ಭಾರದ್ದು: ಸುಮಾರು 40 ಸೌರರಾಶಿ. ಅದನ್ನು ಇಷ್ಟು ವೇಗದಲ್ಲಿ ಸುತ್ತಿಸಲು ಕಪ್ಪುಕುಳಿಯೂ ಹೆಚ್ಚು ಭಾರವಿರಬೇಕು. ಹೀಗೆ 2021ರಲ್ಲಿ 21.2 ಎಂಬ ಬೆಲೆ ಬಂತು, ಎರಡು ಸೌರರಾಶಿಯಷ್ಟು ಹೆಚ್ಚುಕಡಿಮೆಯೊಂದಿಗೆ. ಮಹಾದೈತ್ಯ ನಕ್ಷತ್ರಗಳ ವಾತಾವರಣವನ್ನೂ ಗಾಳಿಯನ್ನೂ ಲೆಕ್ಕಕ್ಕೆ ಇಳಿಸುವ ಕೆಲಸ ಇನ್ನೂ ನಡೆಯುತ್ತಲೇ ಇರುವುದರಿಂದ, ಇದೇ ಕೊನೆಯ ಸಂಖ್ಯೆಯೆಂದು ನಾನು ನಿಮಗೆ ಭರವಸೆ ಕೊಡಲಾರೆ.

ಹೊರಗಿನ ಪದರವನ್ನು ಒಳಗಿನದ್ದೆಂದು ತಿಳಿದರೆ ಏನಾಗುತ್ತದೆಂಬುದಕ್ಕೆ ಎಲ್‌ಬಿ-1ರ ಪ್ರಸಂಗ ಸಾಕ್ಷಿ. 2019ರಲ್ಲಿ, ಚೀನಾದ ಲ್ಯಾಮೊಸ್ಟ್ ದೂರದರ್ಶಕದ ವೀಕ್ಷಣೆಗಳಿಂದ ಆರಂಭವಾದ ಅಧ್ಯಯನವೊಂದು, 78.9 ದಿನಗಳಿಗೊಮ್ಮೆ ಸುತ್ತುವ ನೀಲಿ ನಕ್ಷತ್ರವೊಂದರ ಜೊತೆಗಾರ 68 ಸೌರರಾಶಿಯ ಕಪ್ಪುಕುಳಿಯೆಂದು ಸಾರಿತು. ನಮ್ಮ ಗೆಲಾಕ್ಸಿಯಲ್ಲಿ ನಕ್ಷತ್ರಗಳು ಹುಟ್ಟಿ ಬೆಳೆಯುವ ರೀತಿಗೆ ಹೊಂದದಷ್ಟು ದೊಡ್ಡ ಸಂಖ್ಯೆಯದು. ನಕ್ಷತ್ರದ ವೇಗ ಸೆಕೆಂಡಿಗೆ 52.8 ಕಿಲೋಮೀಟರ್. ನೀವು ಈಗಾಗಲೇ ಕಲಿತ ಲೆಕ್ಕವನ್ನು ಮಾಡಿದರೆ ಕನಿಷ್ಠ ಮಿತಿ ಬರಿಯ 1.2! ಉಳಿದದ್ದೆಲ್ಲ ಎರಡು ಊಹೆಗಳ ಮೇಲೆ ನಿಂತಿತ್ತು: ನಕ್ಷತ್ರ 8 ಸೌರರಾಶಿಯದ್ದೆಂಬುದು ಒಂದು, ಹೈಡ್ರೋಜನ್ನಿನ ಹೊಳೆಯುವ ರೇಖೆಯೊಂದರಲ್ಲಿ ಕಂಡ ಚಿಕ್ಕ ಓಲಾಟ ಕಪ್ಪುಕುಳಿಯದ್ದೇ ಎಂಬುದು ಇನ್ನೊಂದು. ಕೆಲವೇ ವಾರಗಳಲ್ಲಿ ಇತರರು ಪರಿಶೀಲಿಸಿದಾಗ, ಹೊಳೆಯುವ ರೇಖೆ ಓಲಾಡುತ್ತಲೇ ಇಲ್ಲವೆಂದೂ, ನಕ್ಷತ್ರದ ಸ್ವಂತ ಕಪ್ಪು ರೇಖೆ ಅದರ ಮೇಲೆ ಆಚೀಚೆ ಸರಿಯುವುದರಿಂದ ಹಾಗೆ ತೋರುತ್ತಿದೆಯೆಂದೂ ತಿಳಿಯಿತು. ಆ ನಕ್ಷತ್ರವು ಹೊರಪದರವನ್ನು ಜೊತೆಗಾರನಿಗೆ ಕಳೆದುಕೊಂಡು ಹಗುರಾದದ್ದೆಂದೂ, ಅದರ ಜೊತೆಗಿರುವುದು ವೇಗವಾಗಿ ತಿರುಗುವ ಇನ್ನೊಂದು ನಕ್ಷತ್ರವೆಂದೂ ಈಗ ಹೆಚ್ಚಿನವರು ಒಪ್ಪುತ್ತಾರೆ. 2020ರಲ್ಲಿ ‘ಭೂಮಿಗೆ ಅತ್ಯಂತ ಹತ್ತಿರದ ಕಪ್ಪುಕುಳಿ’ ಎಂದು ಸುದ್ದಿಯಾದ ಎಚ್‌ಆರ್ 6819ರ ಕಥೆಯೂ ಇದೇ. ಚಿಲಿಯ ವಿಎಲ್‌ಟಿ ದೂರದರ್ಶಕಗಳ ಬೆಳಕನ್ನು ಒಗ್ಗೂಡಿಸಿ ನೋಡಿದಾಗ ಅಲ್ಲಿ ಎರಡು ಸಾಧಾರಣ ನಕ್ಷತ್ರಗಳು ಒಂದರ ಪಕ್ಕ ಒಂದು ಕಂಡವು. ಈ ಪಾಠ ವ್ಯರ್ಥವಾಗಲಿಲ್ಲ. ಇಂಥ ಹುಸಿ ಕಪ್ಪುಕುಳಿಗಳನ್ನು ಒಂದೊಂದಾಗಿ ತಳ್ಳಿಹಾಕಿದವರಲ್ಲಿ ಕೆಲವರೇ 2022ರಲ್ಲಿ ನಮ್ಮ ನೆರೆಯ ಗೆಲಾಕ್ಸಿಯಾದ ದೊಡ್ಡ ಮೆಗೆಲಾನಿಕ್ ಮೋಡದಲ್ಲಿರುವ ವಿಎಫ್‌ಟಿಎಸ್ 243 ಎಂಬ ಜೋಡಿಯಲ್ಲಿ ಕನಿಷ್ಠ 9 ಸೌರರಾಶಿಯ ಕಪ್ಪುಕುಳಿಯನ್ನು ಕಂಡರು. ಎರಡನೆಯ ನಕ್ಷತ್ರವೊಂದು ಬೆಳಕಿನಲ್ಲಿ ಅಡಗಿರಲು ಸಾಧ್ಯವೇ ಎಂದು ಬಗೆಬಗೆಯಾಗಿ ಪರೀಕ್ಷಿಸಿದ ಮೇಲೆಯೇ ಅವರು ಅದನ್ನು ಪ್ರಕಟಿಸಿದ್ದು.

ಕೋನದ ತೊಡಕಿಗೆ ಈಚೆಗೆ ದೊರೆತ ಅತ್ಯುತ್ತಮ ಪರಿಹಾರ ಯುರೋಪಿನ ಗಾಯಾ ಉಪಗ್ರಹದ್ದು. 2025ರ ಆರಂಭದಲ್ಲಿ ವೀಕ್ಷಣೆ ನಿಲ್ಲಿಸಿದ ಆ ಉಪಗ್ರಹ ನಕ್ಷತ್ರದ ಬಣ್ಣದ ಜರುಗುವಿಕೆಯ ಜೊತೆಗೆ ಆಕಾಶದ ಮೇಲೆ ನಕ್ಷತ್ರ ಓಲಾಡುವ ಜಾಡನ್ನೇ ಅಳೆಯುತ್ತಿತ್ತು. ಜಾಡಿನ ಆಕಾರ ಕಂಡಮೇಲೆ ಕಕ್ಷೆಯ ಬಾಗು ನೇರವಾಗಿ ಸಿಕ್ಕಂತೆಯೇ. ನಕ್ಷತ್ರ ಹಿಗ್ಗಬೇಕಿಲ್ಲ, ಅನಿಲ ಸುರಿಯಬೇಕಿಲ್ಲ, ಕ್ಷ-ಕಿರಣ ಹೊಮ್ಮಬೇಕಿಲ್ಲ. ಉರಗಧರ ಪುಂಜದಲ್ಲಿ 1,560 ಜ್ಯೋತಿರ್ವರ್ಷ ದೂರದಲ್ಲಿರುವ ಗಾಯಾ ಬಿಎಚ್1ರಲ್ಲಿ, ನಮ್ಮ ಸೂರ್ಯನಂಥದ್ದೇ ನಕ್ಷತ್ರವೊಂದು 185.6 ದಿನಗಳಿಗೊಮ್ಮೆ 9.6 ಸೌರರಾಶಿಯ ಕಪ್ಪುಕುಳಿಯನ್ನು ಸುತ್ತುತ್ತಿದೆ. ಗರುಡ ಪುಂಜದ ಗಾಯಾ ಬಿಎಚ್3, 2024ರಲ್ಲಿ ಪ್ರಕಟವಾದದ್ದು, 33 ಸೌರರಾಶಿಯದ್ದು. ಅದರ ಒಂದು ಸುತ್ತಿಗೆ 11.6 ವರ್ಷ ಬೇಕು. ಈ ಸಂಖ್ಯೆಗಳಲ್ಲಿ ನನಗೆ ಸಿಗ್ನಸ್ ಎಕ್ಸ್-1ರ ಸಂಖ್ಯೆಗಿಂತ ಹೆಚ್ಚು ನಂಬಿಕೆಯಿದೆ, ಏಕೆಂದರೆ ಅವು ನಕ್ಷತ್ರದ ಒಳಗುಟ್ಟಿನ ಬಗ್ಗೆ ಕಡಿಮೆ ಊಹೆಗಳನ್ನು ಬೇಡುತ್ತವೆ.

ನಿಮ್ಮ ಕೊನೆಯ ಪ್ರಶ್ನೆ: ಇದನ್ನು ಸ್ವತಃ ಮಾಡಿ ನೋಡಬಹುದೇ? ಖಂಡಿತ ಮಾಡಬಹುದು. ಎಚ್‌ಡಿಇ 226868ರ ಕಾಂತಿಮಾನ 8.9, ರಾಜಹಂಸದ ಕತ್ತಿನಲ್ಲಿರುವ ಈಟಾ ಸಿಗ್ನಿಯ ಪಕ್ಕದಲ್ಲೇ ಇರುವ ಅದು ಚಿಕ್ಕ ದೂರದರ್ಶಕಕ್ಕೂ ಕಾಣುತ್ತದೆ. ಕರ್ನಾಟಕದಲ್ಲಿ ಮಳೆಮೋಡ ಸರಿದ ದಿನಗಳಲ್ಲಿ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ, ಸಂಜೆ ಅದು ಉತ್ತರಕ್ಕೆ ಎತ್ತರದಲ್ಲಿರುತ್ತದೆ. ನಿಮ್ಮ ಕಾಲೇಜಿಗಾಗಲಿ ಹವ್ಯಾಸಿ ಸಂಘಕ್ಕಾಗಲಿ ಉತ್ತಮ ರೋಹಿತದರ್ಶಕವಿದ್ದರೆ, ಎರಡು ವಾರ ರಾತ್ರಿಗೊಂದರಂತೆ ತೆಗೆದ ರೋಹಿತಗಳಿಂದ 5.6 ದಿನಗಳ ಅಲೆಯನ್ನು ಕಾಣಬಹುದು. ಆದರೆ ಹೈಡ್ರೋಜನ್ನಿನ ಕೆಂಪು ರೇಖೆಯನ್ನು ಬಳಸಬೇಡಿ. ಅದು ನಕ್ಷತ್ರದ ಗಾಳಿಯಿಂದ ಕದಡಿರುತ್ತದೆ. ಹೀಲಿಯಂನ ಹೀರಿಕೆ ರೇಖೆಗಳು ಹೆಚ್ಚು ನಂಬಿಕಸ್ತ. ಉಪಕರಣವಿಲ್ಲದಿದ್ದರೆ ಪ್ರಕಟವಾದ ವೇಗಗಳ ಪಟ್ಟಿಗಳಿಂದಲೇ ಆರಂಭಿಸಿ; ಕಕ್ಷೆ ಬಹುತೇಕ ವೃತ್ತವಾದುದರಿಂದ ಒಂದು ಸೈನ್ ಅಲೆಯನ್ನು ಹೊಂದಿಸಿದರೆ ಸಾಕು.

0.245 ಬಂದ ಮೇಲೆ ಅಲ್ಲಿಗೆ ನಿಲ್ಲಿಸಬೇಡಿ. ಕೋನ 27.5 ಡಿಗ್ರಿಯೆಂದು ಇಟ್ಟುಕೊಳ್ಳಿ. ಅದರ ಸೈನ್ ಬೆಲೆಯ ಘನ 0.0985, ಅದರಿಂದ ಭಾಗಿಸಿದರೆ 2.49. ಕಪ್ಪುಕುಳಿಯ ದ್ರವ್ಯರಾಶಿಯ ಘನವನ್ನು ಇಬ್ಬರ ಒಟ್ಟು ದ್ರವ್ಯರಾಶಿಯ ವರ್ಗದಿಂದ ಭಾಗಿಸಿದಾಗ ಈ 2.49 ಬರಬೇಕು. ನಕ್ಷತ್ರಕ್ಕೆ 40 ಸೌರರಾಶಿ ಕೊಟ್ಟರೆ ಕಪ್ಪುಕುಳಿ 21 ಆಗುತ್ತದೆ. ನಕ್ಷತ್ರವನ್ನು ಅರ್ಧಕ್ಕಿಳಿಸಿ 20 ಎಂದಿಟ್ಟರೂ ಕಪ್ಪುಕುಳಿ 14ರ ಮೇಲೆಯೇ ಉಳಿಯುತ್ತದೆ. ಕಾಣದ ವಸ್ತುವನ್ನು 3 ಸೌರರಾಶಿಗೆ ಇಳಿಸಿ ನ್ಯೂಟ್ರಾನ್ ನಕ್ಷತ್ರವೆನ್ನಬೇಕಾದರೆ, ಇದೇ ಕೋನದಲ್ಲಿ, ಆ ಮಹಾದೈತ್ಯ ನಕ್ಷತ್ರಕ್ಕೆ ಸೂರ್ಯನ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ ದ್ರವ್ಯರಾಶಿಯಿರಬೇಕಾಗುತ್ತದೆ. ಕೋನವನ್ನು 90 ಡಿಗ್ರಿಯ ಹತ್ತಿರಕ್ಕೆ ತಂದು ತಪ್ಪಿಸಿಕೊಳ್ಳೋಣವೆಂದರೆ ಪ್ರತಿ ಸುತ್ತಿನಲ್ಲಿ ಕ್ಷ-ಕಿರಣಗಳಿಗೆ ಗ್ರಹಣವಾಗಬೇಕು. ಸಿಗ್ನಸ್ ಎಕ್ಸ್-1ರಲ್ಲಿ ಅಂಥ ಗ್ರಹಣ ಕಂಡುಬಂದಿಲ್ಲ. ಬೇರೆ ಬೇರೆ ಬೆಲೆಗಳನ್ನು ಇಟ್ಟು ಈ ಲೆಕ್ಕವನ್ನು ನೀವೇ ಮಾಡಿ ನೋಡಿ. 15 ಮತ್ತು 21ರ ನಡುವಿನ ಅಂತರ ಎಲ್ಲಿಂದ ಬರುತ್ತದೆಂಬುದು ಕೈಬರಹದ ಒಂದೇ ಪುಟದಲ್ಲಿ ನಿಮ್ಮ ಮುಂದಿರುತ್ತದೆ.